ಕಾದಿಸ್‌ನ ಖಾಲಿ ಕುರ್ಚಿ

ಸ್ಪೇನ್ ದೇಶದ ದಕ್ಷಿಣದ ಅಂಚಿನಲ್ಲಿ ಕಾದಿಸ್ ಅಂತ ಒಂದು ಊರಿದೆ. ಬಲು ಹಳೇ ಬಂದರು. ಹೆಚ್ಚು ಕಡಿಮೆ ಸುತ್ತಲೂ ಕಡಲು, ಒಂದು ಕಡೆ ಮಾತ್ರ ಸಣ್ಣ ಪಟ್ಟಿಯಷ್ಟು ನೆಲ. ಹೋದ ವರ್ಷ ನಾವು ಅಲ್ಲಿ ಮೂರು ದಿನ ಇದ್ದು ಬಂದೆವು.

ಹೆಂಗೆ ಹೋದ್ರಿ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇವೆ. ನಮ್ಮ ತಮ್ಮ ಸೆವಿಲ್ ನಗರದಲ್ಲಿ ಕೆಲಸದಲ್ಲಿದ್ದಾನೆ. "ಅಕ್ಕ, ಭಾವನ್ನ ಕರ್ಕೊಂಡು ಒಂದ್ಸಲ ಬಾ" ಅಂತ ಎರಡು ವರ್ಷ ಪೀಡಿಸಿ, ಕೊನೆಗೆ ಟಿಕೆಟ್ಟನ್ನೂ ಅವನೇ ತೆಗೆಸಿದ. ಸುದ್ದಿಗೆ ಇಷ್ಟು ಅಂತ ದುಡ್ಡು ಎಣಿಸುವ ಸ್ಟ್ರಿಂಗರ್ ಸಂಪಾದನೆಯಲ್ಲಿ ಆಗುವ ಮಾತಲ್ಲ ಅದು. ಸೆವಿಲ್‌ನಿಂದ ಕಾದಿಸ್‌ಗೆ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ.

ಮೊದಲು ನೋಡಿದ್ದು ನೆಲದಡಿಯ ಊರು. ಹಳೇ ಪೇಟೆಯ ನಡುವೆ ಒಂದು ಬೊಂಬೆಯಾಟದ ರಂಗಮಂದಿರವಿದೆ. ಅದರ ಕೆಳಗೆ ಇಳಿದರೆ ಸುಮಾರು 2800 ವರ್ಷ ಹಿಂದಿನ ಬೀದಿ, ಮನೆಗಳ ಗೋಡೆ, ರೊಟ್ಟಿ ಸುಡುವ ಮಣ್ಣಿನ ಒಲೆ. ಈಗಿನ ಲೆಬನಾನ್ ಇರುವ ಕಡೆಯಿಂದ ಹಡಗಿನಲ್ಲಿ ಬಂದ ಫಿನೀಷಿಯನ್ ವ್ಯಾಪಾರಿಗಳು ಕಟ್ಟಿದ ಊರು ಇದು. ಅವರಿಟ್ಟ ಹೆಸರು ಗಾದಿರ್. ಗೋಡೆ ಕಟ್ಟಿಕೊಂಡ ಜಾಗ ಅಂತ ಅರ್ಥ. ಅದೇ ಹೆಸರು ಸವೆದು ಸವೆದು ಕಾದಿಸ್ ಆಗಿದೆ.

ಅಲ್ಲಿ ಹಸಿ ಮಣ್ಣಿನಲ್ಲಿ ದನ ನಡೆದ ಗೊರಸಿನ ಗುರುತು ಹಾಗೇ ಉಳಿದಿದೆ. ನಮ್ಮ ಮನೆಯವರು ಒಕ್ಕಲುತನದವರು. ಅಲ್ಲಿಯವರೆಗೆ ಸುಮ್ಮನೆ ಹಿಂದೆ ಬರುತ್ತಿದ್ದವರು ಅದರ ಮುಂದೆ ಹತ್ತು ನಿಮಿಷ ನಿಂತರು. "ಎತ್ತೇ ಇರಬೇಕು, ಭಾರ ಎಳೀತಿತ್ತು" ಅಂದರು. ರಾಜರ ಅರಮನೆ ಕಂಡರೂ ಅಷ್ಟು ಖುಷಿ ಪಡುತ್ತಿರಲಿಲ್ಲ.

ಆಮೇಲೆ ಗೋಪುರ. ಕಾದಿಸ್‌ನ ಹಳೇ ಮನೆಗಳ ತಾರಸಿ ಮೇಲೆ ನೂರಕ್ಕೂ ಹೆಚ್ಚು ಕಾವಲು ಗೋಪುರಗಳಿವೆ. ಕೋಟೆಯವಲ್ಲ, ವ್ಯಾಪಾರಿಗಳವು. ತಮ್ಮ ಹಡಗು ಬಂತೋ ಇಲ್ಲವೋ ಅಂತ ನೋಡಲಿಕ್ಕೆ ಕಟ್ಟಿಸಿಕೊಂಡದ್ದು. ಅವುಗಳಲ್ಲಿ ತವೀರಾ ಗೋಪುರಕ್ಕೆ ಟಿಕೆಟ್ ತೆಗೆದುಕೊಂಡು ಹತ್ತಬಹುದು. ಮೇಲೊಂದು ಕತ್ತಲ ಕೋಣೆ. ಮಾಡಿನ ಮೇಲಿನ ಕನ್ನಡಿ ಮತ್ತು ಮಸೂರದಿಂದ ಇಡೀ ಊರಿನ ಚಿತ್ರ ನಡುವಿನ ಬಿಳಿ ಹಾಸಿನ ಮೇಲೆ ಬೀಳುತ್ತದೆ. ಯಾರದೋ ತಾರಸಿಯಲ್ಲಿ ಒಣಹಾಕಿದ ಬಟ್ಟೆ ಗಾಳಿಗೆ ಹಾರಾಡುವುದು ಕಾಣುತ್ತದೆ. ಕರೆಂಟು ಬೇಡ, ಕ್ಯಾಮೆರಾ ಬೇಡ.

ಈ ಊರಿಗೆ ದುಡ್ಡು ಬಂದದ್ದು ಅಮೆರಿಕದಿಂದ. ಕೊಲಂಬಸ್ ಎರಡನೇ ಸಲ 1493ರಲ್ಲಿ 17 ಹಡಗು ಕಟ್ಟಿಕೊಂಡು ಹೊರಟದ್ದು ಇಲ್ಲಿಂದಲೇ. ಅಮೆರಿಕದ ವ್ಯಾಪಾರ ನೋಡಿಕೊಳ್ಳುವ ರಾಜನ ಕಚೇರಿ ಮೊದಲು ಸೆವಿಲ್‌ನಲ್ಲಿತ್ತು. ಅಲ್ಲಿನ ನದಿಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳಿಗೆ ಕಷ್ಟವಾಯಿತು. 1717ರಲ್ಲಿ ಕಚೇರಿ ಕಾದಿಸ್‌ಗೆ ಬಂತು. ಹೂಳು ಒಂದು ಊರನ್ನು ಇಳಿಸಿ ಇನ್ನೊಂದನ್ನು ಏರಿಸಿತು. ಹಾಗೆ ಬಂದ ಬೆಳ್ಳಿಯ ಹಿಂದೆ ಅಮೆರಿಕದ ಗಣಿಗಳಲ್ಲಿ ಸತ್ತ ಮೂಲನಿವಾಸಿಗಳಿದ್ದಾರೆ, ಆಫ್ರಿಕಾದಿಂದ ಹಿಡಿದು ತಂದು ಮಾರಿದ ಜನ ಇದ್ದಾರೆ. ಚೆಂದದ ಗೋಪುರ ನೋಡುವಾಗ ಅದನ್ನು ಮರೆಯಬಾರದು. ಅಂದ ಹಾಗೆ, ನಮ್ಮ ಸಾರಿಗೆ ಬೀಳುವ ಮೆಣಸಿನಕಾಯಿಯೂ ಹುಟ್ಟಿದ್ದು ಅಮೆರಿಕದಲ್ಲೇ. ಕಡಲು ದಾಟಿಸಿದ್ದು ಸ್ಪೇನಿನ ಹಡಗುಗಳು, ನಮ್ಮ ದೇಶಕ್ಕೆ ಮುಟ್ಟಿಸಿದ್ದು ಪೋರ್ಚುಗೀಸರು.

ಎರಡನೇ ದಿನ ಮಧ್ಯಾಹ್ನ ಸೀಗಡಿ ಹಾಕಿದ, ಕಡಲೆಹಿಟ್ಟಿನ ತೆಳ್ಳನೆ ವಡೆ ತಿಂದು, ಸ್ಯಾನ್ ಫೆಲಿಪೆ ನೇರಿ ಎಂಬ ಚರ್ಚಿನ ಮುಂದೆ ನಿಂತೆವು. ಹೊರಗೋಡೆಯ ತುಂಬ ಕಲ್ಲಿನ, ಲೋಹದ ಫಲಕಗಳು. ಇಲ್ಲಿಗೆ ಬರಲಿಕ್ಕಾಗಿಯೇ ನಾವು ಕಾದಿಸ್ ಆರಿಸಿಕೊಂಡದ್ದು.

1810ರಲ್ಲಿ ಸ್ಪೇನಿನ ಬಹುಭಾಗ ನೆಪೋಲಿಯನ್ನನ ಫ್ರೆಂಚ್ ಸೈನ್ಯದ ಕೈಯಲ್ಲಿತ್ತು. ರಾಜ ಫೆರ್ನಾಂದೋ ಫ್ರಾನ್ಸಿನಲ್ಲಿ ಸೆರೆಯಲ್ಲಿದ್ದ. ಆ ವರ್ಷ ಫೆಬ್ರವರಿಯಿಂದ 1812ರ ಆಗಸ್ಟ್‌ವರೆಗೆ ಕಾದಿಸ್‌ಗೆ ಮುತ್ತಿಗೆ. ಊರೊಳಗೆ ಹಳದಿ ಜ್ವರ ಬೇರೆ. ಅಂಥ ಹೊತ್ತಿನಲ್ಲಿ ಪ್ರತಿನಿಧಿಗಳು ಪಕ್ಕದ ಲಿಯೋನ್ ದ್ವೀಪದಲ್ಲಿ ಒಂದು ನಾಟಕ ಮಂದಿರದಲ್ಲಿ ಸಭೆ ಸೇರಿದರು. 1810ರ ನವೆಂಬರ್ 10ರಂದು ಒಂದು ಆಜ್ಞೆ ಹೊರಡಿಸಿದರು: ರಾಜಕೀಯ ವಿಚಾರಗಳನ್ನು ಯಾರು ಬೇಕಾದರೂ ಬರೆಯಬಹುದು, ಅಚ್ಚು ಹಾಕಿಸಬಹುದು, ಮೊದಲೇ ಪರವಾನಗಿ ಕೇಳಬೇಕಿಲ್ಲ. ಧರ್ಮದ ವಿಚಾರಕ್ಕೆ ಮಾತ್ರ ಚರ್ಚಿನ ಕತ್ತರಿ ಉಳಿಯಿತು.

ಮುಂದೆ ಸಭೆ ಈ ಚರ್ಚಿಗೆ ಬಂತು. 1812ರ ಮಾರ್ಚ್ 19ರಂದು ಸಂವಿಧಾನ ಜಾರಿಯಾಯಿತು. ಆ ದಿನ ಸಂತ ಜೋಸೆಫನ ಹಬ್ಬ. ಸ್ಪೇನಿನಲ್ಲಿ ಜೋಸೆಫನ ಹೆಸರಿನವರನ್ನು ಪೆಪೆ ಅಂತ ಕರೆಯುತ್ತಾರೆ. ಅದಕ್ಕೇ ಜನ ಆ ಸಂವಿಧಾನಕ್ಕೆ 'ಲಾ ಪೆಪಾ' ಅಂತ ಅಡ್ಡಹೆಸರಿಟ್ಟರು, ಮನೆಮಗಳನ್ನು ಕೂಗಿದ ಹಾಗೆ. ಕೊರತೆಗಳೂ ಇದ್ದವು. ಹೆಂಗಸರಿಗೆ ಮತವಿಲ್ಲ, ಆಫ್ರಿಕಾ ಮೂಲದವರನ್ನು ಪೌರತ್ವದಿಂದ ಹೊರಗಿಟ್ಟಿದ್ದರು. ಆದರೂ ಸುತ್ತ ತೋಪು ಹಾರುತ್ತಿರುವಾಗ, ಬರೆಯಲು ಯಾರ ಅಪ್ಪಣೆಯೂ ಬೇಡ ಅಂತ ಕಾಗದದ ಮೇಲೆ ಇಳಿಸಿದ್ದು ಸಣ್ಣ ಮಾತಲ್ಲ.

ಇದರಲ್ಲಿ ನಮ್ಮ ದೇಶದ ಎಳೆಯೂ ಒಂದಿದೆ. ಆ ಸಂವಿಧಾನದ ಒಂದು ಮುದ್ರಣವನ್ನು ಕಲ್ಕತ್ತೆಯ ರಾಮಮೋಹನ ರಾಯರಿಗೆ ಅರ್ಪಿಸಿದ್ದಾರೆ. ರಾಯರು ಪತ್ರಿಕೆ ನಡೆಸುತ್ತಿದ್ದವರು. 1823ರಲ್ಲಿ ಕಂಪನಿ ಸರ್ಕಾರ ಪತ್ರಿಕೆಗಳಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಅವರು ವಿರೋಧಿಸಿ ಮನವಿ ಬರೆದರು, ತಮ್ಮ ಪಾರಸಿ ವಾರಪತ್ರಿಕೆ 'ಮಿರಾತ್ ಉಲ್ ಅಖ್ಬಾರ್' ಅನ್ನು ನಿಲ್ಲಿಸಿಯೇ ಬಿಟ್ಟರು. ಅಪ್ಪಣೆ ಕೇಳಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು ಅಂತ.

ನಾವೂ ಒಂದನ್ನು ಬರೆಯದೆ ಬಿಟ್ಟಿದ್ದೆವು. ಕಾರಣ ಮಾತ್ರ ಬೇರೆ.

ನಮ್ಮ ಪಕ್ಕದ ಹಳ್ಳಿಯ ಕೆರೆ ಏರಿ ದುರಸ್ತಿ ಆಗಿದೆ ಅಂತ ಬಿಲ್ ಎತ್ತಿದ್ದರು. ಏರಿಗೆ ಒಂದು ಬುಟ್ಟಿ ಮಣ್ಣೂ ಬಿದ್ದಿರಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಅಳತೆ ಪುಸ್ತಕದ ನಕಲು ತೆಗೆದೆವು, ಫೋಟೊ ಹೊಡೆದೆವು. ಸುದ್ದಿ ಕಳಿಸುವ ಹಿಂದಿನ ರಾತ್ರಿ ಫೋನ್ ಬಂತು. ಬೈಗುಳವಿಲ್ಲ, ಬೆದರಿಕೆಯೂ ಇಲ್ಲ. "ಮಗಳು ಯಾವ ಬಸ್ಸಲ್ಲಿ ಶಾಲೆಗೆ ಹೋಗ್ತಾಳಮ್ಮ?" ಅಂತ ಬಲು ಸಮಾಧಾನದಿಂದ ಕೇಳಿದರು. ನಾವು ಸುದ್ದಿ ಕಳಿಸಲಿಲ್ಲ. ಯಾವ ಕಾನೂನೂ ನಮ್ಮನ್ನು ತಡೆದಿರಲಿಲ್ಲ. ಪರವಾನಗಿ ಯಾರೂ ಕೇಳಿರಲಿಲ್ಲ. ನಮ್ಮ ಕೈ ನಾವೇ ಕಟ್ಟಿಕೊಂಡೆವು. ಆ ಹಳ್ಳಿಯ ಒಬ್ಬ ಅಜ್ಜಿ ಸಂತೆಯಲ್ಲಿ ಸಿಕ್ಕಾಗೆಲ್ಲ "ಕೆರೆ ಸುದ್ದಿ ಯಾವಾಗ ಬತ್ತದವ್ವ?" ಅಂತ ಕೇಳುತ್ತಿದ್ದಳು. "ಬರ್ತದೆ ಅಜ್ಜಿ, ಮೇಲಿನವರು ನೋಡ್ತಿದ್ದಾರೆ" ಅನ್ನುತ್ತಿದ್ದೆವು. ಮೇಲಿನವರಿಗೆ ನಾವು ಕಳಿಸಿದ್ದರೆ ತಾನೆ ನೋಡುವುದು!

ಕಾದಿಸ್‌ನವರ ಸ್ವಾತಂತ್ರ್ಯವೂ ಬಹಳ ದಿನ ಬಾಳಲಿಲ್ಲ. ಸೆರೆಯಿಂದ ಬಿಟ್ಟು ಬಂದ ಫೆರ್ನಾಂದೋ 1814ರ ಮೇ ತಿಂಗಳಲ್ಲಿ ಸಂವಿಧಾನವನ್ನೇ ರದ್ದು ಮಾಡಿದ. 1820ರಲ್ಲಿ ಮತ್ತೆ ಬಂತು, 1823ರಲ್ಲಿ ಮತ್ತೆ ಹೋಯಿತು. ಆದರೆ ಊರಿನ ಬಾಯಿ ಮುಚ್ಚಲಿಲ್ಲ. ಮುತ್ತಿಗೆಯ ದಿನಗಳಲ್ಲೇ, ಫ್ರೆಂಚರ ಗುಂಡಿನ ಸೀಸ ನಮ್ಮ ಹೆಂಗಸರಿಗೆ ಕೂದಲು ಗುಂಗುರು ಮಾಡಿಕೊಳ್ಳಲಿಕ್ಕೆ ಆಯಿತು ಅಂತ ಹಾಡು ಕಟ್ಟಿ ನಕ್ಕ ಜನ ಅವರು. ಈಗಲೂ ಪ್ರತಿ ವರ್ಷ ಫೆಬ್ರವರಿ ಹೊತ್ತಿಗೆ ಅಲ್ಲಿ ಕಾರ್ನಿವಲ್ ಹಬ್ಬ. ಗುಂಪು ಗುಂಪಾಗಿ ವೇಷ ಹಾಕಿ, ಮಂತ್ರಿ, ಮೇಯರ್ ಯಾರನ್ನೂ ಬಿಡದೆ ಹೊಸ ಹಾಡು ಕಟ್ಟಿ ಹಂಗಿಸುತ್ತಾರೆ. ಸರ್ವಾಧಿಕಾರಿ ಫ್ರಾಂಕೋನ ಕಡೆಯವರು 1937ರಲ್ಲಿ ಅದನ್ನು ನಿಷೇಧಿಸಿದ್ದರು. ಅವನು ಸತ್ತ ಮೇಲೆ 1977ರಲ್ಲಿ ಹಬ್ಬ ಹಳೆಯ ಹೆಸರಿನಲ್ಲೇ ಬೀದಿಗೆ ಬಂತು. ನಾವು ಹೋದದ್ದು ಹಬ್ಬದ ಕಾಲವಲ್ಲ. ಆದರೆ ಒಂದು ಸಂಜೆ ಕಲೇತಾ ಕಡಲತೀರದಲ್ಲಿ ನಾಲ್ಕು ಜನ ಮುದುಕರು ಕೂತು ಚಪ್ಪಾಳೆ ತಟ್ಟಿ ಏನೋ ಹಾಡಿ ಬಿದ್ದು ಬಿದ್ದು ನಗುತ್ತಿದ್ದರು. ಭಾಷೆ ಗೊತ್ತಿಲ್ಲದಿದ್ದರೂ ಯಾರನ್ನೋ ಆಡಿಕೊಳ್ಳುತ್ತಿದ್ದಾರೆ ಅಂತ ತಿಳಿಯಿತು.

ಕೊನೆಯ ದಿನ ಸಂವಿಧಾನದ ಸ್ಮಾರಕ ನೋಡಿದೆವು. ಎತ್ತರದ ಕಂಬ, ಸುತ್ತ ವಿಗ್ರಹಗಳು. ಕೆಳಗೆ ನಡುವೆ ಒಂದು ಕಲ್ಲಿನ ಕುರ್ಚಿ. ಅದರಲ್ಲಿ ಯಾರನ್ನೂ ಕೂರಿಸಿಲ್ಲ. ತಮ್ಮ "ಅಕ್ಕ, ಫೋಟೊ ತೆಗೀಲಾ?" ಅಂದ. ನಾವು ಬೇಡ ಅಂದೆವು. ಆ ಖಾಲಿ ಕುರ್ಚಿ ನಮ್ಮನ್ನೇ ಕೇಳುತ್ತಿದ್ದ ಹಾಗಿತ್ತು.

ಊರಿಗೆ ಬಂದ ಮೊದಲ ಸಂತೆಯ ದಿನ ಅಜ್ಜಿಯನ್ನು ನಾವೇ ಹುಡುಕಿಕೊಂಡು ಹೋದೆವು. ಸೊಪ್ಪಿನ ಗೋಣಿ ಹರಡಿಕೊಂಡು ಕೂತಿದ್ದಳು. "ಅಜ್ಜಿ, ಕೆರೆ ಸುದ್ದಿ ಮೇಲಿನವರ ಹತ್ರ ಇಲ್ಲ. ನಾವೇ ಕಳಿಸಲಿಲ್ಲ. ಹೆದರಿದ್ವಿ" ಅಂದೆವು. ಅಜ್ಜಿ ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಲಿಲ್ಲ. "ಅದು ನಂಗೊತ್ತಿತ್ತು ಕಣವ್ವ. ಇಷ್ಟ್ ಹೇಳಕ್ಕೆ ಅಷ್ಟ್ ದೂರ ಹೋಗ್ ಬರ್ಬೇಕಿತ್ತಾ?" ಅಂದಳು. ಆಮೇಲೆ, "ಬರೆಯೋದಾದ್ರೆ ನನ್ನ ಹೆಸರೂ ಹಾಕು. ನೀನೊಬ್ಳೇ ಯಾಕೆ ಹಾಕ್ಕೋತೀಯ" ಅಂದು ಎರಡು ಕಟ್ಟು ದಂಟು ಚೀಲಕ್ಕೆ ಹಾಕಿದಳು.

ಹದಿನಾಲ್ಕು ಜನ ಸಹಿ ಹಾಕಿದ್ದಾರೆ. ಅಳತೆ ಪುಸ್ತಕದ ನಕಲು ಮೇಜಿನ ಮೇಲಿದೆ. ಮಗಳನ್ನು ಈಗ ಅವರಪ್ಪನೇ ಶಾಲೆಗೆ ಬಿಟ್ಟು ಬರುತ್ತಾರೆ. ಹೆದರಿಕೆ ಹೋಗಿಲ್ಲ. ಸುದ್ದಿ ಮಾತ್ರ ಈ ವಾರ ಕಳಿಸುತ್ತಿದ್ದೇವೆ.