ಹೊಸ್ತಿಲಿನ ಮರ್ಯಾದೆ

ನೆರೆಯವರ ಗುಡಿಯೊಳಗೆ ನಾವು ಕಾಲಿಡಬಹುದೇ ಎಂಬ ಪ್ರಶ್ನೆ ನಮ್ಮ ಕುಟುಂಬಗಳಲ್ಲಿ ಆಗಾಗ ಏಳುತ್ತದೆ. ಮದುವೆಗೋ ಜಾತ್ರೆಗೋ ಕರೆ ಬಂದಾಗ ಹಿರಿಯರು ಹಿಂಜರಿಯುತ್ತಾರೆ, ಕಿರಿಯರು ಗೊಂದಲಕ್ಕೀಡಾಗುತ್ತಾರೆ. ಧುಪದಾಳದ ಯುವಕನೊಬ್ಬ ಇದನ್ನೇ ಕೇಳಿದಾಗ, ಬಾಯಿಮಾತಿನ ಉತ್ತರಕ್ಕಿಂತ ಜೊತೆಯಾಗಿ ಹೋಗಿ ನೋಡುವುದೇ ಲೇಸೆನಿಸಿತು.

ಧುಪದಾಳದ ಒಡ್ಡಿನಲ್ಲಿ ತುಸು ತಂಗುವ ಘಟಪ್ರಭೆ, ಮುಂದೆ ಗೋಕಾಕ ಜಲಪಾತದಲ್ಲಿ ಸುಮಾರು 170 ಅಡಿ ಆಳಕ್ಕೆ ಧುಮುಕುತ್ತಾಳೆ. ಅದರ ಸಮೀಪದಲ್ಲೇ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೂಲಿನ ಗಿರಣಿ ಈ ನೀರಿನ ಬಲವನ್ನು ದುಡಿಸಿಕೊಂಡಿತು. ಅದಕ್ಕೆ ಎಷ್ಟೋ ಶತಮಾನಗಳ ಮೊದಲೇ ಜನರು ಇಲ್ಲಿ ಕೈಮುಗಿದಿದ್ದರು.

ಭಕ್ತರು ಪಾದರಕ್ಷೆ ಕಳಚಿ, ಕೈಕಾಲು ತೊಳೆದು, ದನಿ ತಗ್ಗಿಸಿ ಒಳಹೋಗುತ್ತಿದ್ದರು. ಜಪಾನಿನ ಶಿಂಟೋ ಗುಡಿಗಳಲ್ಲಿಯೂ ಕೈ, ಬಾಯಿ ತೊಳೆದೇ ಮುಂದೆ ಸಾಗುವ ಪದ್ಧತಿಯಿದೆ. ನಾವು ದೇವಾಲಯದ ಬಾಗಿಲಲ್ಲಿ ತೀರ್ಥದಿಂದ ಶಿಲುಬೆಯ ಗುರುತು ಹಾಕುವುದಿಲ್ಲವೇ? ಉರಿಯುವ ಪೊದೆಯ ಮುಂದೆ ಮೋಶೆಯೂ ಕೆರ ಕಳಚಿದವನೇ.

ಆದರೆ ಗೌರವ ಬೇರೆ, ಆರಾಧನೆ ಬೇರೆ. 1932ರಲ್ಲಿ ಟೋಕಿಯೋದ ಸೋಫಿಯಾ ವಿಶ್ವವಿದ್ಯಾಲಯದ ಕೆಲವು ಕಥೋಲಿಕ ವಿದ್ಯಾರ್ಥಿಗಳು ಯಾಸುಕುನಿ ಗುಡಿಯ ಮುಂದೆ ತಲೆಬಾಗಲು ಒಪ್ಪದೆ ದೊಡ್ಡ ವಿವಾದವೆದ್ದಿತು. 1936ರಲ್ಲಿ ರೋಮ್, ಅಂಥ ನಮನವನ್ನು ನಾಡಿನ ಗೌರವವೆಂದು ಮಾತ್ರ ಬಗೆದು ಸಲ್ಲಿಸಬಹುದೆಂದು ತಿಳಿಸಿತು. ಈ ಪ್ರಸಂಗ ನನ್ನನ್ನು ಇಂದಿಗೂ ಕಾಡುತ್ತದೆ. ಅಧಿಕಾರದ ಭಯದಿಂದ ಬಾಗಿದ ತಲೆಯಲ್ಲಿ ಗೌರವವೆಲ್ಲಿಯದು? ಮನಸ್ಸು ಸ್ವತಂತ್ರವಾಗಿದ್ದಾಗಲೇ ಗೌರವಕ್ಕೆ ಬೆಲೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿತು. ಕ್ರಿಸ್ತನನ್ನು ಸಾರುವ ಹೊಣೆಯನ್ನೂ ಅದೇ ಉಸಿರಿನಲ್ಲಿ ನೆನಪಿಸಿತು.

ಗುಡಿಯಲ್ಲಿ ಪೂಜಾರಿಯವರು ವಿಭೂತಿ ನೀಡಲು ಬಂದಾಗ ಯುವಕ ನನ್ನತ್ತ ನೋಡಿದ. ನಾನು ಮಾತಾಡಲಿಲ್ಲ. ಅವನು ಕೈಮುಗಿದು, "ನಾವು ಕ್ರೈಸ್ತರು ರೀ ಅಜ್ಜಾರ, ಗುಡಿ ನೋಡಾಕ ಬಂದೀವಿ" ಎಂದ. ಅವರು ಬೇಸರಿಸಲಿಲ್ಲ. "ಇರಲಿ ತಮ್ಮಾ, ಕುಂದರ್ರಿ" ಎನ್ನುತ್ತ ಜಗಲಿ ತೋರಿಸಿ, ಗುಡಿಯ ಕಥೆ ಹೇಳತೊಡಗಿದರು.

ಪ್ರಿಯರೇ, ವಿಶ್ವಾಸವನ್ನು ಮರೆಮಾಚದೆ, ನೆರೆಯವನ ಮನ ನೋಯಿಸದೆ ನಿಲ್ಲಲು ಸಾಧ್ಯವಿದೆ. ನಿಮ್ಮ ಮಕ್ಕಳಿಗೆ ಇವೆರಡನ್ನೂ ಒಟ್ಟಿಗೇ ಕಲಿಸಿರಿ.