ದುರ್ಯೋಧನನ ಪಾರ್ಟು ಮತ್ತು 2 ಜಿಬಿ ಮೆಮೊರಿ

ನಾವು ನಾಲ್ವರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಒಬ್ಬೊಬ್ಬರದು ಒಂದೊಂದು ತಾಲ್ಲೂಕು. ಪತ್ರಿಕೋದ್ಯಮ ಓದಿದ ಮೇಲೆ ದುಡ್ಡು ಹಾಕಿ ಒಂದು ಹಳೇ ಕಂಪ್ಯೂಟರ್ ತಗೊಂಡಿದ್ದೇವೆ. ಸುದ್ದಿಯೂ ಅದರಲ್ಲೇ, ಮದುವೆ ವಿಡಿಯೋನೂ ಅದರಲ್ಲೇ.

ಹೋದ ವರ್ಷ ನಾಗಮಂಗಲ ಕಡೆಯ ಒಂದು ಊರಿನ ಹಬ್ಬದಲ್ಲಿ ರಾತ್ರಿಯೆಲ್ಲ ನಡೆದ ಕುರುಕ್ಷೇತ್ರ ನಾಟಕವನ್ನು ನಾವೇ ತೆಗೆದಿದ್ದೆವು. ದುರ್ಯೋಧನನ ಪಾರ್ಟು ಮಾಡಿದ್ದ ತಾತ ಈಚೆಗೆ ತೀರಿಕೊಂಡರು. ಹನ್ನೊಂದನೇ ದಿನದ ತಿಥಿಗೆ ನಾಟಕ ಹಾಕಬೇಕು ಅಂತ ಅಜ್ಜಿಯ ಆಸೆ. "ಮೊಬೈಲ್‌ನಾಗೆ ಕಣ್ಣು ಕಾಣಕ್ಕಿಲ್ಲ ಕಣ್ರಪ್ಪ, ಟೀವಿಗೆ ಹಾಕ್ಕೊಡಿ" ಅಂದರು. ಮನೆಯಲ್ಲಿದ್ದದ್ದು ಹಳೇ ಟೀವಿ, ಡಿವಿಡಿ ಪ್ಲೇಯರ್.

8 ಗಂಟೆ ನಾಟಕ, 20 ಫೈಲು. ಕ್ಯಾಮೆರಾ ಕಾರ್ಡು 4 ಜಿಬಿಗೊಂದು ತುಂಡು ಮಾಡಿತ್ತು. ಇಪ್ಪತ್ತನ್ನೂ ಸಾಫ್ಟ್‌ವೇರ್‌ಗೆ ಹಾಕಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಕಂಪ್ಯೂಟರ್ ಸ್ತಬ್ಧ. ಎರಡು ದಿನ ಹೀಗೇ ಆಯಿತು. ಸಾಲ ಮಾಡಿ ಇನ್ನೂ 4 ಜಿಬಿ ರ‍್ಯಾಮ್ ಹಾಕಿಸಿದೆವು. ಆಗಲೂ ಅದೇ ಕಥೆ.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಕಾದು ಕೂತೆವು. ಮೆಮೊರಿ 2 ಜಿಬಿ ಹತ್ತಿರ ಬಂದ ಕೂಡಲೇ ಸಾಫ್ಟ್‌ವೇರ್ ನಿಲ್ಲುತ್ತಿತ್ತು. ಅದು 32 ಬಿಟ್‌ನದು. ವಿಂಡೋಸ್‌ನಲ್ಲಿ ಅಂಥದ್ದಕ್ಕೆ ಸಾಮಾನ್ಯವಾಗಿ ಸಿಗುವುದೇ 2 ಜಿಬಿ. ಎಷ್ಟು ರ‍್ಯಾಮ್ ಹಾಕಿದರೂ ಅದರ ತಟ್ಟೆ ಅಷ್ಟೇ ಅಗಲ.

ಫೈಲು ಚಿಕ್ಕದಾಗಿ ಕಂಡರೂ ಬಿಡಿಸಿದಾಗ ದೊಡ್ಡದು. 1920×1080ರ ಒಂದು ಚಿತ್ರವೇ ಸುಮಾರು 6 ಎಂಬಿ. ಸೆಕೆಂಡಿಗೆ 25 ಚಿತ್ರ ಅಂದರೆ 150 ಎಂಬಿ. ಹದಿಮೂರು ಸೆಕೆಂಡಿನ ಚಿತ್ರ ಒಟ್ಟಿಗೆ ಕೂತರೆ 2 ಜಿಬಿ ತುಂಬಿತು! ಒಂದೇ ಫೈಲು ಹಾಕಿ ನೋಡಿದೆವು, ಸಲೀಸಾಗಿ ಮುಗಿಯಿತು. ತಪ್ಪು ಗೊತ್ತಾಯಿತು. ಊರಿಗೆ ಊರನ್ನೇ ಒಂದೇ ಪಂಕ್ತಿಗೆ ಕೂರಿಸಲು ಹೋಗಿದ್ದೆವು.

ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದೊಂದೇ ಫೈಲನ್ನು ಡಿವಿಡಿಗೆ ಬೇಕಾದ ಎಂಪೆಗ್-2ಕ್ಕೆ, 720×576 ಅಳತೆಗೆ ಇಳಿಸಿದೆವು. 4.7 ಜಿಬಿಯ ಡಿಸ್ಕಿಗೆ ಎರಡು ಗಂಟೆ ಕೂರಬೇಕಾದರೆ ಚಿತ್ರ, ಶಬ್ದ ಸೇರಿ ಸೆಕೆಂಡಿಗೆ 5 ಮೆಗಾಬಿಟ್ ಮೀರಬಾರದು. ಐದೈದು ಫೈಲಿಗೆ ಒಂದರಂತೆ ನಾಲ್ಕು ಡಿಸ್ಕ್. ಆಗಲೇ ಇಳಿಸಿದ್ದರಿಂದ ಹಳೇ ಸಾಫ್ಟ್‌ವೇರ್‌ಗೆ ಜೋಡಿಸುವ ಕೆಲಸ ಮಾತ್ರ ಉಳಿಯಿತು.

ಹತ್ತನೇ ದಿನ ರಾತ್ರಿ ಕೊನೇ ಡಿಸ್ಕ್ ಹೊರಬಂತು. ತಿಥಿ ದಿನ ಊಟ ಮುಗಿದ ಮೇಲೆ ಜಗುಲಿ ಮೇಲೆ ಟೀವಿ ಇಟ್ಟರು. ತಾತ ಕಿರೀಟ ಹೊತ್ತು ಬಂದಾಗ ಅಜ್ಜಿ ಅಳಲಿಲ್ಲ. "ಅವತ್ತು ಗಂಟಲು ಕಟ್ಟಿತ್ತು ಅವರ್‍ಗೆ" ಅಂದರು, ಅಷ್ಟೇ.

ನಿಮ್ಮ ಮನೆಯಲ್ಲೂ ಇಂಥ ವಿಡಿಯೋ ಇದ್ದರೆ ಒಂದೊಂದೇ ಫೈಲು ಮಾಡಿ. ರ‍್ಯಾಮ್‌ಗೆ ದುಡ್ಡು ಹಾಕುವ ಮುಂಚೆ ಸಾಫ್ಟ್‌ವೇರ್ ಎಷ್ಟು ಬಿಟ್‌ನದು ನೋಡಿ. ಡಿವಿಡಿ ಆಯ್ತು ಅಂತ ಮೂಲ ಫೈಲು ಅಳಿಸಬೇಡಿ. ಡಿಸ್ಕ್ ಗೀರು ಬೀಳುತ್ತೆ, ತಾತ ಮತ್ತೆ ಪಾರ್ಟು ಮಾಡಲ್ಲ.