ಬಿಜಲಿಯ ದಾಣಿ

ಕುದುರೆಯ ವಿಷಯವಾಗಿ ಬರೆಯಲು ನಿಮಗೇನು ಅಧಿಕಾರವೆಂದು ವಾಚಕರು ಕೇಳಿದರೆ ನಾವು ತಲೆ ತಗ್ಗಿಸಬೇಕಾದೀತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನು ಉರುಹೊಡೆಯಿಸಿದವರು ನಾವು. ಅಶ್ವಶಬ್ದವನ್ನು ಏಳು ವಿಭಕ್ತಿಗಳಲ್ಲಿಯೂ ಹೇಳಬಲ್ಲೆವೇ ಹೊರತು ಅಶ್ವದ ಬೆನ್ನನ್ನು ಒಮ್ಮೆಯೂ ಏರಿದವರಲ್ಲ. ಆದರೂ ಒಂದು ಕುದುರೆಗೆ ನಾವು ಮಾಡಿದ ಉಪಕಾರವು ಹೇಗೆ ಅಪಕಾರವಾಯಿತೆಂಬುದನ್ನೂ, ಅನಂತರ ಅದನ್ನು ತಿದ್ದಿಕೊಂಡ ಬಗೆಯನ್ನೂ ಹೇಳಿಬಿಡಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು.

ಮೈಸೂರಿನ ಹಳೆಯ ಮೊಹಲ್ಲಾವೊಂದರಲ್ಲಿ ನಮ್ಮ ಮನೆ. ಹಿತ್ತಲಿನ ಗೋಡೆಯಾಚೆ ಒಂದು ಚಿಕ್ಕ ಲಾಯ. ಅದರ ಯಜಮಾನರಾದ ಸಾಬರು ಅರಮನೆಯ ಸುತ್ತಮುತ್ತ ಪ್ರವಾಸಿಗರಿಗಾಗಿ ಟಾಂಗಾ ಓಡಿಸುವವರು; ತಂದೆಯ ಕಾಲದಿಂದ ಬಂದ ಕಸುಬು. ಅವರ ಕುದುರೆ ಕಂದುಬಣ್ಣದ ಹೆಣ್ಣು, ಹೆಸರು ಬಿಜಲಿ. ಹೆಸರಿಗೆ ತಕ್ಕ ಸ್ವಭಾವ. ಕಾಗದದ ಚೂರು ಹಾರಿದರೆ ಕಿವಿ ನಿಮಿರಿಸುವುದು, ಮೋಟಾರು ಕೂಗಿದರೆ ಅಡ್ಡಡ್ಡ ಹೆಜ್ಜೆಯಿಡುವುದು. ಆದರೆ ಸಾಬರ ಕೈಯಲ್ಲಿ ಲಗಾಮಿರುವವರೆಗೆ ಯಾರಿಗೂ ಏನೂ ಆಗಿರಲಿಲ್ಲ.

2020ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಊರೆಲ್ಲ ಬಾಗಿಲು ಮುಚ್ಚಿದುದು ಎಲ್ಲರಿಗೂ ನೆನಪಿದೆಯಷ್ಟೆ. ಪ್ರವಾಸಿಗರಿಲ್ಲದ ಮೈಸೂರಿನಲ್ಲಿ ಟಾಂಗಾಕ್ಕೆ ಬಾಡಿಗೆಯೆಲ್ಲಿಯದು? ಆ ವರ್ಷದ ದಸರೆಯೂ ಸರಳವಾಗಿ ಅರಮನೆಯ ಒಳಗೇ ನಡೆದುಹೋಯಿತು. ಮನೆಯವರ ಹೊಟ್ಟೆಗೇ ಕಷ್ಟವಾದಾಗ ಕುದುರೆಯ ಹೊಟ್ಟೆಯನ್ನು ಕೇಳುವವರಾರು? ಬಿಜಲಿಗೆ ಭತ್ತದ ಹುಲ್ಲು, ದಿನಕ್ಕೊಂದು ಹಿಡಿ ಬೇಯಿಸಿದ ಹುರುಳಿ. ಕಾರ್ತಿಕ ಮಾಸ ಬರುವ ಹೊತ್ತಿಗೆ ಅದರ ಪಕ್ಕೆಲುಬುಗಳನ್ನು ಗೋಡೆಯಾಚೆಯಿಂದಲೇ ಎಣಿಸಬಹುದಾಗಿತ್ತು. ಪ್ರವಾಸಿಗರು ಒಬ್ಬೊಬ್ಬರಾಗಿ ಬರಲಾರಂಭಿಸಿದ್ದರು. ಆದರೆ ಎಲುಬಿನ ಗೂಡಿನಂತಿರುವ ಕುದುರೆಯ ಗಾಡಿಯನ್ನು ಏರುವುದಕ್ಕೆ ಯಾರ ಮನಸ್ಸೂ ಒಪ್ಪುತ್ತಿರಲಿಲ್ಲ. ಏರಕೂಡದು ಕೂಡ.

ಶಾಲೆಗಳು ಮುಚ್ಚಿದ್ದುದರಿಂದ ನಮಗೆ ಬೇಕಾದಷ್ಟು ಬಿಡುವಿತ್ತು. ಬಿಡುವಿದ್ದ ಪಂಡಿತನಿಗಿಂತ ಅಪಾಯಕರವಾದ ಪ್ರಾಣಿ ಮತ್ತೊಂದಿಲ್ಲ. ಶಾಲಿಹೋತ್ರನ ಹೆಸರಿನಲ್ಲಿಯೂ ನಕುಲನ ಹೆಸರಿನಲ್ಲಿಯೂ ಅಶ್ವಶಾಸ್ತ್ರಗಳಿವೆ, ಜಯದತ್ತನ ಅಶ್ವವೈದ್ಯಕವಿದೆ. ನಮ್ಮ ಕಪಾಟಿನಲ್ಲಿದ್ದುದು ಮಾತ್ರ ಕೌಟಲ್ಯನ ಅರ್ಥಶಾಸ್ತ್ರ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟ ಗ್ರಂಥವೆಂಬ ಅಭಿಮಾನ ನಮಗೆ ಬೇರೆ. ಅದರ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಪ್ರಕರಣವಿದೆ. ಉತ್ತಮಾಶ್ವಕ್ಕೆ ಎರಡು ದ್ರೋಣ ಧಾನ್ಯವೆಂದು ಅಲ್ಲಿ ವಿಧಿಸಿದೆ. ಎರಡು ದ್ರೋಣ! ನಾವು ಪುಸ್ತಕವನ್ನು ಅಲ್ಲಿಗೇ ಮಡಿಚಿ ಗೋಡೆಯಾಚೆಗೆ ಕರೆದೆವು.

“ಸಾಬರೇ, ನಿಮ್ಮ ಬಿಜಲಿಗೆ ಧಾನ್ಯ ಸಾಲದು. ದಿನಕ್ಕೆ ಮೂರು ಕಿಲೋ ಮುಸುಕಿನ ಜೋಳದ ನುಚ್ಚು, ಒಂದು ಕಿಲೋ ಹುರುಳಿ ಕೊಡಿ. ಒಂದು ತಿಂಗಳು ಖರ್ಚು ನಮ್ಮದು.”

ಸಾಬರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮೇಷ್ಟ್ರೇ, ಇವಳಿಗೆ ದಾಣಿ ಜಾಸ್ತಿಯಾದರೆ ತಲೆಗೇರ್ತದೆ ಸ್ವಾಮಿ. ನಮ್ಮ ತಂದೆ ಹೇಳೋರು, ಬಿಸಿ ಕುದುರೆಗೆ ಹುಲ್ಲು, ತಣ್ಣನೆ ಕುದುರೆಗೆ ಕಾಳು ಅಂತ.”

ನಾವು ನಕ್ಕೆವು. ಆ ನಗೆಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸಾಬರು ಎದುರು ಹೇಳದವರು. ಮೇಲಾಗಿ ಕಾಳಿನ ಮೂಟೆ ಆಗಲೇ ಬಾಗಿಲಿಗೆ ಬಂದಿತ್ತು. ಒಂದು ವಾರದೊಳಗೆ ಬಿಜಲಿಯ ದಾಣಿಯು ಒಂದು ಹಿಡಿಯಿಂದ ನಾಲ್ಕು ಕಿಲೋಗೆ ಏರಿತು.

ಮೈ ತುಂಬಿತೆ? ಇಲ್ಲ. ಹತ್ತು ದಿನಗಳಲ್ಲಿ ತುಂಬಿದುದು ಕಣ್ಣಿನ ಕೆಂಡ ಮಾತ್ರ. ರಾತ್ರಿಯೆಲ್ಲ ಲಾಯದ ಹಲಗೆಯನ್ನು ಒದೆಯುವ ಸದ್ದು. ಲದ್ದಿ ತೆಳುವಾಗಿ ಹುಳಿಯ ವಾಸನೆ ಬರುತ್ತಿತ್ತು. “ಚೈತನ್ಯ ಬರುತ್ತಿದೆ” ಎಂದು ನಾವು ವ್ಯಾಖ್ಯಾನ ಮಾಡಿದೆವು. ಹನ್ನೆರಡನೆಯ ದಿನ ಬೆಳಿಗ್ಗೆ ಸಾಬರು ಖಾಲಿ ಗಾಡಿಯನ್ನು ಹೂಡಿಕೊಂಡು, ಪಕ್ಕದಲ್ಲಿ ಹತ್ತನೆಯ ತರಗತಿಯ ಮೊಮ್ಮಗನನ್ನು ಕುಳ್ಳಿರಿಸಿಕೊಂಡು ಹೊರಟರು. ಓಣಿಯ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಗಾಳಿಗೆ ಎದ್ದಿತು. ಮೊದಲಾಗಿದ್ದರೆ ಎರಡು ಅಡ್ಡಹೆಜ್ಜೆಯಲ್ಲಿ ಮುಗಿಯುತ್ತಿದ್ದ ಬೆದರಿಕೆ ಅಂದು ನಾಗಾಲೋಟವಾಯಿತು. ಚಕ್ರವು ಕಲ್ಲಿಗೆ ತಗುಲಿ ಗಾಡಿ ವಾಲಿತು. ಹುಡುಗನು ಕೆಳಗೆ ಬಿದ್ದು ಬಲಗೈ ಮಣಿಕಟ್ಟನ್ನು ಮುರಿದುಕೊಂಡನು. ಬಿಜಲಿಯ ಮೊಣಕಾಲೂ ತರಚಿ ರಕ್ತ ಸುರಿಯುತ್ತಿತ್ತು.

ಸಂಜೆ ನಾವು ಹೋದಾಗ ಸಾಬರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. “ನೀವು ಒಳ್ಳೇದಕ್ಕೇ ಹೇಳಿದಿರಿ” ಎಂದರು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರೇ, “ಇವಳನ್ನು ಮಾರಿಬಿಡ್ತೀನಿ ಮೇಷ್ಟ್ರೇ. ಮನೆ ಹುಡುಗನ ಕೈ ಮುರಿದ ಮೇಲೆ ಇಟ್ಟುಕೊಳ್ಳೋದು ಹೇಗೆ?” ಎಂದರು. ಎಲುಬು ಕಾಣುವ, ಬೆದರುವ ಕುದುರೆಯನ್ನು ಕೊಳ್ಳುವವರು ಎಂಥವರು, ಕೊಂಡು ಅದನ್ನು ಏನು ಮಾಡುವರೆಂಬುದು ಅವರಿಗೂ ತಿಳಿದಿತ್ತು, ನಮಗೂ ತಿಳಿದಿತ್ತು. ಹದಿನೈದು ದಿನಗಳ ಅವಕಾಶವನ್ನು ಬೇಡಿಕೊಂಡು ಬಂದೆವು.

ಮರುದಿನ ಗಾಯಕ್ಕೆ ಮದ್ದು ಹಾಕಲು ಬಂದ ಪಶುವೈದ್ಯೆ ನಮ್ಮ ಹಳೆಯ ವಿದ್ಯಾರ್ಥಿನಿ. ಒಂದು ಕಾಲದಲ್ಲಿ ಶಬ್ದರೂಪವನ್ನು ಒಪ್ಪಿಸಲಾರದೆ ನಮ್ಮ ಮುಂದೆ ಬೆಂಚಿನ ಮೇಲೆ ನಿಂತಿದ್ದವಳು. ಈಗ ನಾವು ಅವಳ ಮುಂದೆ ಪಾಠವೊಪ್ಪಿಸುವವರಂತೆ ನಿಂತೆವು. ಗಾಯವನ್ನು ತೊಳೆದು ಮುಗಿಸಿ ಅವಳು ಮೊದಲು ನೋಡಿದುದು ದಾಣಿಯನ್ನಲ್ಲ, ಬಾಯನ್ನು. ಕುದುರೆಯ ಮೇಲುದವಡೆಗಿಂತ ಕೆಳದವಡೆ ಕಿರಿದಂತೆ. ಆದುದರಿಂದ ಮೇಲಿನ ದವಡೆಹಲ್ಲುಗಳ ಹೊರಅಂಚೂ ಕೆಳಗಿನವುಗಳ ಒಳಅಂಚೂ ಸವೆಯದೆ ಅಲಗಿನಂತೆ ಬೆಳೆಯುವುವು. ಬಿಜಲಿಯ ಕೆನ್ನೆಯ ಒಳಭಾಗದಲ್ಲಿ ಹುಣ್ಣುಗಳಾಗಿದ್ದುವು. ಅರೆ ಅಗಿದ ಹುಲ್ಲಿನ ಉಂಡೆಗಳು ಲಾಯದ ನೆಲದ ಮೇಲೆ ಬಿದ್ದಿರುವುದನ್ನು ನಾವು ದಿನವೂ ಕಂಡಿದ್ದೆವು, ಆಟವೆಂದು ಭಾವಿಸಿದ್ದೆವು. ಅಗಿಯಲಾರದ ಪ್ರಾಣಿಗೆ ಎಷ್ಟು ತಿನ್ನಿಸಿದರೇನು? ಅವಳು ಅರದಿಂದ ಹಲ್ಲಿನ ಅಂಚುಗಳನ್ನು ಉಜ್ಜಿದಳು. ಲದ್ದಿಯನ್ನು ಪರೀಕ್ಷಿಸಿ ಜಂತುವಿನ ಮದ್ದನ್ನು ತೂಕಕ್ಕೆ ತಕ್ಕಂತೆ ಕೊಟ್ಟಳು.

ತೂಕವನ್ನು ಕಂಡುಕೊಂಡ ಬಗೆ ನಮಗೆ ಬಹಳ ಹಿಡಿಸಿತು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ಮೊನೆಯಿಂದ ಪೃಷ್ಠದ ಮೊನೆಯವರೆಗಿನ ಉದ್ದದಿಂದ ಪುನಃ ಗುಣಿಸಿ, 11,880ರಿಂದ ಭಾಗಿಸಿದರೆ ಸುಮಾರಾದ ತೂಕ ಕಿಲೋಗ್ರಾಂಗಳಲ್ಲಿ ದೊರೆಯುವುದು. ಬಿಜಲಿಯ ಸುತ್ತಳತೆ 150, ಉದ್ದ 132. ತೂಕ ಸರಿಯಾಗಿ 250 ಕಿಲೋ.

“ಈಗ ನೀವು ಹೇಳಿದ ದಾಣಿಯ ಲೆಕ್ಕ ನೋಡೋಣ, ಮೇಷ್ಟ್ರೇ” ಎಂದಳು. ಒಂದು ಹೊತ್ತಿನ ಮೇವಿನಲ್ಲಿ ಮೈತೂಕದ ಪ್ರತಿ ಕಿಲೋಗೆ ಒಂದು ಗ್ರಾಂಗಿಂತ ಹೆಚ್ಚು ಪಿಷ್ಟವಿರಬಾರದಂತೆ. ಎಂದರೆ ಬಿಜಲಿಗೆ 250 ಗ್ರಾಂ. ಮುಸುಕಿನ ಜೋಳದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಪಿಷ್ಟ. ಹೊತ್ತಿಗೆ ಒಂದೂವರೆ ಕಿಲೋ ನುಚ್ಚೆಂದರೆ ಒಂದು ಕಿಲೋಗೂ ಮೇಲೆ. ಹುರುಳಿಯನ್ನು ಬಿಟ್ಟೇ ನಾಲ್ಕು ಪಟ್ಟು! ಕುದುರೆಯ ಜಠರವು ಅದರ ದೇಹಕ್ಕೆ ಹೋಲಿಸಿದರೆ ಬಲು ಸಣ್ಣದು. ಸಣ್ಣ ಕರುಳು ಅರಗಿಸಿದಷ್ಟು ಪಿಷ್ಟ ಸಕ್ಕರೆಯಾಗಿ ರಕ್ತಕ್ಕೆ ಒಮ್ಮೆಗೇ ನುಗ್ಗುವುದು. ಅರಗಿಸಲಾರದೆ ಮಿಕ್ಕದ್ದು ಹಿಂಗರುಳಿಗೆ ಜಾರುವುದು. ಹಿಂಗರುಳೆಂಬುದು ಹುಲ್ಲಿನ ನಾರನ್ನು ಹುದುಗಿಸುವ ದೊಡ್ಡ ಕೊಪ್ಪರಿಗೆ. ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಪಿಷ್ಟ ದೊರೆತರೆ ಹುಳಿ ಹೆಚ್ಚುವುದು. ಹೊಟ್ಟೆಶೂಲೆಗೂ ಗೊರಸಿನ ಉರಿಗೂ ಅದೇ ದಾರಿ. ಇತ್ತ ರಕ್ತದಲ್ಲಿ ಸಕ್ಕರೆಯ ಉಬ್ಬರವಿಳಿತ, ಅತ್ತ ಕರುಳಿನಲ್ಲಿ ಸಂಕಟ. ಮೊದಲೇ ಬೆದರುವ ಪ್ರಾಣಿ ಮತ್ತಷ್ಟು ಬೆದರದೆ ಏನು ಮಾಡೀತು? ಹುಲ್ಲಿನ ಶಕ್ತಿಯಾದರೋ ನಿಧಾನವಾಗಿ, ಹಗಲಿರುಳೂ ಸಮನಾಗಿ ಒದಗುವುದು. ಸಾಬರ ತಂದೆಯವರು ಇದನ್ನೆಲ್ಲ ಒಂದು ಮಾತಿನಲ್ಲಿ ಹೇಳಿದ್ದರು.

ಹಾಗಾದರೆ ಹುಲ್ಲಿನಿಂದಲೇ ಮೈ ತುಂಬುವುದೆ ಎಂದು ಕೇಳಿದೆವು. ಅದಕ್ಕೆ ಅವಳು, “ಎಣ್ಣೆ ಕೊಡಿ” ಎಂದಳು.

ನಮಗೆ ನಗು ಬಂದಿತು. ಆದರೆ ಒಮ್ಮೆ ನಕ್ಕು ಕೆಟ್ಟವರು, ಈ ಸಲ ಬಾಯಿ ಮುಚ್ಚಿಕೊಂಡೆವು. ಎಣ್ಣೆಯಲ್ಲಿ ಪಿಷ್ಟವೆಂಬುದೇ ಇಲ್ಲ. ತೂಕಕ್ಕೆ ತೂಕ ಅದರ ಶಕ್ತಿ ಪಿಷ್ಟದ ಎರಡಷ್ಟಕ್ಕೂ ಮಿಗಿಲು. 200 ಮಿಲಿಲೀಟರ್ ಎಣ್ಣೆಯು ಸುಮಾರು ಅರ್ಧ ಕಿಲೋ ಮುಸುಕಿನ ಜೋಳದ ಕೆಲಸವನ್ನು ಮಾಡುವುದು, ತಲೆಗೇರದೆ. “ಕುದುರೆಗೆ ಪಿತ್ತಕೋಶವೇ ಇಲ್ಲ, ಗೊತ್ತೆ?” ಎಂದು ಬೇರೆ ಹೇಳಿದಳು. ವಾತ ಪಿತ್ತ ಕಫಗಳನ್ನು ಓದಿಕೊಂಡ ನಮಗೆ ಇದು ದೊಡ್ಡ ಆಘಾತ. ಪಿತ್ತವನ್ನು ಕೂಡಿಟ್ಟುಕೊಳ್ಳುವ ಚೀಲವಿಲ್ಲದಿದ್ದರೂ ಅದು ಯಕೃತ್ತಿನಿಂದ ಸದಾ ಒಸರುತ್ತಿರುವುದರಿಂದ, ಮೆಲ್ಲಮೆಲ್ಲನೆ ಅಭ್ಯಾಸ ಮಾಡಿಸಿದರೆ ಕುದುರೆ ಎಣ್ಣೆಯನ್ನು ಚೆನ್ನಾಗಿ ಅರಗಿಸಿಕೊಳ್ಳುವುದಂತೆ. ಮೆಲ್ಲಮೆಲ್ಲನೆ ಎಂಬುದನ್ನು ಎರಡು ಸಲ ಹೇಳಿದಳು, ನಮ್ಮ ಮುಖವನ್ನು ನೋಡಿಕೊಂಡು.

ಮನೆಗೆ ಬಂದವರು ಅರ್ಥಶಾಸ್ತ್ರವನ್ನು ಮತ್ತೆ ತೆರೆದೆವು. ನಾವು ಪುಸ್ತಕ ಮಡಿಚಿದ ಎಡೆಯಿಂದ ಮುಂದಕ್ಕೆ, ಎರಡು ದ್ರೋಣ ಧಾನ್ಯದ ಬೆನ್ನಿಗೇ, ಒಂದು ಪ್ರಸ್ಥ ಸ್ನೇಹವೆಂದು ಬರೆದಿತ್ತು! ಸ್ನೇಹವೆಂದರೆ ಅಲ್ಲಿ ಎಣ್ಣೆ, ತುಪ್ಪ ಮುಂತಾದ ಜಿಡ್ಡು. ದ್ರೋಣಕ್ಕೆ ಹದಿನಾರು ಪ್ರಸ್ಥ. ಆದುದರಿಂದ ಧಾನ್ಯದ ಮೂವತ್ತೆರಡನೆಯ ಒಂದು ಪಾಲು. ಅದಾದ ಮೇಲೆ ಉಪ್ಪು, ಇನ್ನೂ ಕೆಳಗೆ ಅರ್ಧ ಭಾರ ಹಸಿಮೇವು, ಅದಕ್ಕೆ ಇಮ್ಮಡಿ ಹುಲ್ಲು. ರಣರಂಗದಲ್ಲಿ ದುಡಿಯುವ ಕುದುರೆಗೆ ಬರೆದ ಪ್ರಮಾಣವನ್ನು ಲಾಯದಲ್ಲಿ ಕಟ್ಟಿಹಾಕಿದ ತಟ್ಟುವಿಗೆ ಹಚ್ಚಿದುದು ಒಂದು ತಪ್ಪು. ಒಂದು ವಾಕ್ಯದ ಅರ್ಧವನ್ನೇ ಓದಿದುದು ಇನ್ನೊಂದು. ಪರೀಕ್ಷೆಯಲ್ಲಿ ಯಾವ ಹುಡುಗನಾದರೂ ಹಾಗೆ ಮಾಡಿದ್ದರೆ ಸೊನ್ನೆ ಹಾಕುತ್ತಿದ್ದೆವು.

ಮುಸುಕಿನ ಜೋಳ ನಿಂತಿತು. ಹೊಲದ ಬದುಗಳಿಂದ ಗರಿಕೆಯನ್ನು ಕುಯ್ಯಿಸಿ ತಂದು, ಒಣಗಿಸಿ, ದಿನಕ್ಕೆ ಆರು ಕಿಲೋವರೆಗೆ ಐದಾರು ಸಲ ಹಂಚಿ ಹಾಕತೊಡಗಿದೆವು. ಹೊಟ್ಟೆ ಬಹಳ ಹೊತ್ತು ಬರಿದಾಗಿರಬಾರದೆಂಬುದು ವೈದ್ಯೆಯ ಕಟ್ಟಪ್ಪಣೆ. ಜತೆಗೆ ಒಣಗಿಸಿದ ಕುದುರೆ ಮಸಾಲೆ ಸೊಪ್ಪು ಒಂದು ಕಿಲೋ. ಬೇಯಿಸಿದ ಹುರುಳಿ ಅರ್ಧ ಕಿಲೋ ಮಾತ್ರ, ಅದೂ ಮೂರು ಹೊತ್ತಿಗೆ. ಗೋಧಿ ಬೂಸಾ ಹಿಡಿಯಷ್ಟೇ. ಬೂಸಾವನ್ನೇ ನೆಚ್ಚಿದರೆ ರಂಜಕ ಹೆಚ್ಚಿ ಎಲುಬಿನ ಸುಣ್ಣ ಕರಗುವುದಂತೆ. ಒಂದು ಚಮಚ ಉಪ್ಪು. ಸೂರ್ಯಕಾಂತಿ ಎಣ್ಣೆಯನ್ನು ಎರಡು ಚಮಚದಿಂದ ಆರಂಭಿಸಿ ಮೂರು ವಾರಗಳಲ್ಲಿ 200 ಮಿಲಿಲೀಟರಿಗೆ ಏರಿಸಿದೆವು. ಹೀಗೆ ಎಣ್ಣೆ ತಿನ್ನುವ ಕುದುರೆಗೆ ‘ಇ’ ಜೀವಸತ್ವವೂ ಬೇಕೆಂದು ಒಂದು ಪುಡಿಯನ್ನು ಬರೆದುಕೊಟ್ಟಿದ್ದಳು. ನಮ್ಮ ಮನೆಯವರು ಎಣ್ಣೆಯ ಡಬ್ಬವು ಗೋಡೆ ದಾಟುವುದನ್ನು ನೋಡುತ್ತ, “ನಮ್ಮ ಒಗ್ಗರಣೆಗೆ ಇಷ್ಟು ಧಾರಾಳ ಎಂದೂ ಕಾಣೆನಲ್ಲ” ಎಂದರು. ಆದರೂ ಒಂದು ದಿನವೂ ತಪ್ಪಿಸಲಿಲ್ಲ.

ಮೇವಿನಷ್ಟೇ ಮುಖ್ಯವಾದುದು ಇನ್ನೊಂದಿತ್ತು. ಇಪ್ಪತ್ತಮೂರು ಗಂಟೆ ಕಟ್ಟಿಹಾಕಿದ ಪ್ರಾಣಿ ಇಪ್ಪತ್ತನಾಲ್ಕನೆಯ ಗಂಟೆಯಲ್ಲಿ ಪುಟಿಯುವುದು ಸಹಜವಲ್ಲವೆ? ಕಾಲಿನ ಗಾಯ ಮಾಗಿದ ಮೇಲೆ ಸಾಬರು ಬೆಳಿಗ್ಗೆ ಸಂಜೆ ಅದನ್ನು ಕೈಯಲ್ಲಿ ಹಿಡಿದು ನಡೆಸಿದರು. ನಾವು ಹಿಂದೆ ಹೋಗುತ್ತಿದ್ದೆವು, ಮಾರು ದೂರದಲ್ಲಿ.

ಹದಿನೈದು ದಿನಗಳ ಗಡುವು ಮುಗಿದಾಗ ಟೇಪಿನಲ್ಲಿ ಒಂದು ಸೆಂಟಿಮೀಟರ್ ಕೂಡ ಹೆಚ್ಚಿರಲಿಲ್ಲ. ನಾವು ಹೆದರಿಕೊಂಡೇ ಹೋದೆವು. ಸಾಬರು ಹೇಳಿದರು: “ರಾತ್ರಿ ಒದೆಯೋದು ನಿಂತಿದೆ ಮೇಷ್ಟ್ರೇ. ಮಲಗ್ತಾಳೆ.” ಮಾರುವ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ಹುಡುಗನ ಕೈ ಆರು ವಾರ ಕಟ್ಟಿನಲ್ಲಿತ್ತು. ಅಷ್ಟು ದಿನವೂ ಅವನ ಟಿಪ್ಪಣಿಗಳನ್ನು ನಾವೇ ಬರೆದುಕೊಟ್ಟೆವು. ಸಮಾಜಶಾಸ್ತ್ರ, ವಿಜ್ಞಾನ, ಎಲ್ಲವನ್ನೂ. ಭಾನುವಾರಗಳಲ್ಲಿ ಅವನು ಎಡಗೈಯಿಂದ ಟೇಪು ಹಿಡಿಯುತ್ತಿದ್ದನು, ನಾವು ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಳತೆ ಬರೆಯುತ್ತಿದ್ದೆವು. 150, 150, 151, ಮತ್ತೆ 151. 2021ರ ಮಾರ್ಚ್ ತಿಂಗಳ ಒಂದು ಭಾನುವಾರ 156 ಬಂದಿತು. ಕಟ್ಟು ಬಿಚ್ಚಿ ಬಹಳ ದಿನಗಳಾಗಿದ್ದುವು. ಹುಡುಗನು ಸೀಮೆಸುಣ್ಣವನ್ನು ನಮ್ಮ ಕೈಯಿಂದ ತೆಗೆದುಕೊಂಡು, ಬಲಗೈಯಿಂದಲೇ ಗುಣಾಕಾರ ಭಾಗಾಕಾರಗಳನ್ನು ಮಾಡಿ 270 ಎಂದು ಬರೆದು ಅಡಿಗೆರೆ ಎಳೆದನು. ಪಕ್ಕೆಲುಬುಗಳು ಕಣ್ಣಿಗೆ ಕಾಣುತ್ತಿರಲಿಲ್ಲ, ಕೈಯಾಡಿಸಿದರೆ ಸಿಕ್ಕುತ್ತಿದ್ದುವು. ಅಷ್ಟಿದ್ದರೆ ಸಾಕೆಂದು ವೈದ್ಯೆಯ ಮತ.

ಮರುದಿನ ಸಾಬರು ಗಾಡಿ ಹೂಡಿದರು. ಓಣಿಯ ತಿರುವಿನಲ್ಲಿ ಯಾರದೋ ಒಣಗಹಾಕಿದ್ದ ಸೀರೆ ಪಟಪಟನೆ ಹಾರಿತು. ಬಿಜಲಿಯ ಕಿವಿಗಳು ನಿಮಿರಿದುವು. ಎರಡು ಅಡ್ಡಹೆಜ್ಜೆಯಿಟ್ಟು, ಒಮ್ಮೆ ಮೂಗಿನಿಂದ ಬುಸುಗುಟ್ಟಿ, ಮುಂದಕ್ಕೆ ನಡೆಯಿತು. ಸಾಬರು ಹಿಂದಿರುಗಿ ನಮ್ಮತ್ತ ನೋಡಿ, “ಎಣ್ಣೆ ಮುಗಿದಿದೆ ಮೇಷ್ಟ್ರೇ, ಈ ಸಲ ನಾನೇ ತರ್ತೀನಿ” ಎಂದು ಕೂಗಿ ಹೇಳಿದರು.